ಫಿಲ್ಟರ್ ನೆಟ್ಟಗಿಲ್ಲಂತ ರಿಸೀವರ್ ಬಿಚ್ಚಿ ಒಗಿಬ್ಯಾಡ್ರಿ: ಯಾವ ದೋಷ ಎಲ್ಲಿ ಸರಿ ಮಾಡ್ಬೇಕು

ವಾರಕ್ಕ ಇಬ್ರು ಮೂವರಾದ್ರೂ ಇದೇ ಕೇಳ್ತಾರ. "ಅಣ್ಣಾ, 40 ಮೀಟರ್ ರಿಸೀವರ್ ಕಟ್ಟೀನಿ, ಕ್ರಿಸ್ಟಲ್ ಫಿಲ್ಟರ್ ಬರಾಬರ್ ಬಂದಿಲ್ಲ, ದನಿ ಎಣ್ಣಿ ಡಬ್ಬಿಯೊಳಗಿಂದ ಬಂದಂಗ ಬರ್ತದ, ಮತ್ತೊಂದು ಫಿಲ್ಟರ್ ಕಟ್ಲ್ಯಾ?" ಬೀದರಿಂದ ಒಬ್ರು, ಶಹಾಪುರದಿಂದ ಒಬ್ರು, ಇಲ್ಲೇ ಕಲಬುರಗ್ಯಾಗ ನಮ್ಮ ಓಣಿ ಹುಡುಗನೇ ಒಬ್ಬ. ಎಲ್ಲರಿಗೂ ಬ್ಯಾರೆ ಬ್ಯಾರೆ ಬರ್ದು ಸಾಕಾಗ್ಯಾದ, ಅದಕ್ಕ ಒಂದೇ ಸಲ ಪೂರಾ ಬರ್ದಿಡ್ತೀನಿ, ಮುಂದ ಯಾರ್ ಕೇಳಿದ್ರೂ ಇದನ್ನೇ ಕೊಡ್ತೀನಿ.

40 ಮೀಟರ್ ಅಂದ್ರ 7 ಮೆಗಾಹರ್ಟ್ಜ್ ಸುತ್ತಿನ ಹ್ಯಾಮ್, ಅಂದ್ರ ಹವ್ಯಾಸಿ ರೇಡಿಯೋ ಬ್ಯಾಂಡ್. ಫಿಲ್ಟರ್ ಅಂದ್ರ ಬೇಕಾದ ಫ್ರೀಕ್ವೆನ್ಸಿ ಅಷ್ಟೇ ದಾಟಿಸಿ ಉಳದಿದ್ದನ್ನ ತಡಿಯೋ ಸರ್ಕ್ಯೂಟ್. ಪುಸ್ತಕದಾಗಿನ ಚಿತ್ರದಂಗ ಮ್ಯಾಲ ಸಪಾಟ, ಎರಡೂ ಬಾಜು ಗ್ವಾಡಿಯಂಗ ಇಳಿಯೋ ಫಿಲ್ಟರ್ ಯಾರ ಕಡೀನೂ ಇರಲ್ರಿ, ಸಾವಿರಾರು ರೂಪಾಯಿ ಕಿಮ್ಮತ್ತಿನ ರಿಗ್‌ನಾಗೂ ಇರಲ್ಲ. ಎಲ್ಲರ ಫಿಲ್ಟರೂ ಒಂದಲ್ಲ ಒಂದು ಕಡೆ ಸೊಟ್ಟನೇ. ಆದ್ರ ದೋಷದಾಗ ಎರಡ್ ಜಾತಿ ಅವ, ಇದೊಂದು ತಿಳ್ಕೊಂಡ್ರ ಅರ್ಧ ಕೆಲಸ ಮುಗೀತು.

ಒಂದನೇ ಜಾತಿ: ಬೇಕಾದ ಸಿಗ್ನಲ್‌ನ್ನೇ ಫಿಲ್ಟರ್ ತುಸು ತಿಂದಿರ್ತದ, ಇಲ್ಲಾ ಸೊಟ್ಟ ಮಾಡಿರ್ತದ. ಇದನ್ನ ಮುಂದಿನ ಸ್ಟೇಜಿನ್ಯಾಗ ಎತ್ತಿ, ತಿದ್ದಿ ಸರಿ ಮಾಡಬಹುದು. ಎರಡನೇ ಜಾತಿ: ಬ್ಯಾಡಾಗಿದ್ದನ್ನ ಫಿಲ್ಟರ್ ಒಳಗ ಬಿಟ್ಟಿರ್ತದ. ಇದು ಜ್ವಾಳದಾಗಿನ ಹರಳ ಇದ್ದಂಗ ನೋಡ್ರಿ, ಗಿರಣಿಗೆ ಹಾಕೋಕಿಂತ ಮೊದ್ಲ ಆರಿಸಬೇಕು, ಹಿಟ್ಟಾದ ಮ್ಯಾಲ ಯಾವ ಜರಡಿ ಹಿಡಿದ್ರೂ ರೊಟ್ಯಾಗ ಕರಕ್ ಅನ್ನೋದೇ. ರಿಸೀವರ್‌ದಾಗ ಗಿರಣಿ ಅಂದ್ರ ಮಿಕ್ಸರ್, ಎರಡ್ ಫ್ರೀಕ್ವೆನ್ಸಿ ಕೂಡಿಸಿ ಹೊಸದು ಮಾಡೋ ಸ್ಟೇಜ್. ಮಿಕ್ಸರ್ ದಾಟಿ ಒಳಗ ಬಂದಿದ್ದು ಬೇಕಾದ ಸಿಗ್ನಲ್ ಜೊತಿ ಒಂದಾಗಿಬಿಡ್ತದ, ಆಮ್ಯಾಲೆ ಆಡಿಯೋದಾಗ ಎಷ್ಟ್ ಕುಸ್ತಿ ಹಿಡಿದ್ರೂ ಬ್ಯಾರೆ ಆಗಲ್ಲ. ನಮ್ಮ ಮಂದಿ ಮಾಡೋ ತಪ್ಪು ಇದೇ, ಮುಂದಿನ ಬಾಗಿಲ ಸೋರ್ತಿರ್ತದ, ಇವ್ರು ಹಿಂದಿನ ಆಡಿಯೋದಾಗ ಕೆಪ್ಯಾಸಿಟರ್ ಬದ್ಲಿ ಮಾಡ್ಕೋತ ಕುಂತಿರ್ತಾರ.

ಉದಾಹರಣೆಗೆ ಹೈದರಾಬಾದಿನ ಅಷರ್ ಫರ್ಹಾನ್ ಅವರ ಬಿಟ್‌ಎಕ್ಸ್ 40 ಥರದ ಸರ್ಕ್ಯೂಟ್ ಹಿಡ್ಕೋತೀನಿ, ಯಾಕಂದ್ರ ನಮ್ಮ ಕಡಿ ಕಟ್ಟೋರು ಬಹುತೇಕ ಅದನ್ನೇ ನೋಡಿ ಕಟ್ತಾರ. 7 ಮೆಗಾಹರ್ಟ್ಜ್ ಸಿಗ್ನಲ್ ಒಳಗ ಬರ್ತದ, 5 ಮೆಗಾಹರ್ಟ್ಜ್ ಹತ್ರದ ವಿಎಫ್‌ಓ ಅಂದ್ರ ಡಯಲ್ ತಿರುವಿದಂಗ ಬದಲಾಗೋ ಆಸಿಲೇಟರ್ ಜೊತಿ ಕೂಡಿ 12 ಮೆಗಾಹರ್ಟ್ಜ್ ಆಗ್ತದ. ಈ 12 ಮೆಗಾಹರ್ಟ್ಜ್‌ಗೆ ಐಎಫ್ ಅಂತಾರ, ನಡುವಿನ ಫ್ರೀಕ್ವೆನ್ಸಿ. ಕ್ರಿಸ್ಟಲ್ ಫಿಲ್ಟರ್ ಕುಂದ್ರೋದು ಅಲ್ಲೇ.

ಏನೇನ್ ಬೇಕು

ನ್ಯಾನೋ ವಿಎನ್‌ಎ ಒಂದಿದ್ರ ಸ್ವರ್ಗ. ಫಿಲ್ಟರಿನ ಒಂದ್ ಬಾಜು ಸಿಗ್ನಲ್ ಕೊಟ್ಟು ಇನ್ನೊಂದ್ ಬಾಜು ಎಷ್ಟು ಬಂತು ಅಂತ ಗ್ರಾಫ್ ತೋರಿಸೋ ಅಂಗೈ ಅಗಲದ ಮಶೀನ್. ಒಬ್ಬರಿಗೇ ಭಾರ ಆದ್ರ ನಾಲ್ಕ್ ಗೆಳ್ಯಾರು ಕೂಡಿ ತಗೋರಿ, ದಿನಾ ಬೇಕಾಗೋದಲ್ಲ ಅದು. ಅದಿಲ್ಲಂದ್ರ ಮೊಬೈಲಿನ್ಯಾಗ ಆಡಿಯೋ ಸ್ಪೆಕ್ಟ್ರಮ್ ತೋರಿಸೋ ಫುಕಟ್ ಆ್ಯಪ್ ಯಾವುದಾದ್ರೂ ಹಾಕ್ಕೊಳ್ರಿ, ಅರ್ಧ ಕೆಲಸ ಅದರಾಗೂ ಆಗ್ತದ. ಜೊತಿಗೆ 500 ಓಮ್ ಪ್ರಿಸೆಟ್ ಎರಡು (ತಿರುವಿ ಓಮ್ ಬದಲಿಸೋ ರೆಸಿಸ್ಟರ್), ಸಣ್ಣ ಟ್ರಿಮ್ಮರ್ ಮೂರ್ ನಾಲ್ಕು (ತಿರುವಿ ಹೊಂದಿಸೋ ಕೆಪ್ಯಾಸಿಟರ್), ಟೊರಾಯ್ಡ್ ಎರಡ್ ಮೂರು (ಬಳಿ ಆಕಾರದ ಕೋರ್), ಮಲ್ಟಿಮೀಟರ್, ಒಂದ್ ತುಂಡು ತಾಮ್ರದ ಬೋರ್ಡ್.

ರೆಸಿಸ್ಟರ್, ಕೆಪ್ಯಾಸಿಟರ್, ಹಳೆ ರೇಡಿಯೋ ಗ್ಯಾಂಗು (ಸ್ಟೇಷನ್ ತಿರುವೋ ಕೆಪ್ಯಾಸಿಟರ್) ಎಲ್ಲಾ ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ರಿಪೇರಿ ಅಂಗಡ್ಯಾಗ ಕೇಳ್ರಿ, ಹಳೆ ಸೆಟ್ಟಿನ ಬೋರ್ಡ್ ಇದ್ರ ಅದನ್ನೇ ತೂಕಕ್ಕ ತಗೊಂಡು ಬರ್ರಿ. ಟೊರಾಯ್ಡ್ ಮತ್ತ ಕ್ರಿಸ್ಟಲ್ ನಮ್ಮ ಊರಾಗ ಸಿಗೋದು ಕಷ್ಟ, ಹೈದರಾಬಾದಿಗೆ ಹೋದವ್ರ ಕಡಿ ಕೋಠಿ ಗುಜರಾತಿ ಗಲ್ಲಿಯಿಂದ ತರಿಸ್ರಿ. ಕ್ರಿಸ್ಟಲ್ ನಾಲ್ಕು ಬೇಕಂತ ನಾಲ್ಕೇ ತರಬ್ಯಾಡ್ರಿ, ಒಂದೇ ಲಾಟಿನವು ಇಪ್ಪತ್ತು ತರ್ರಿ.

ಇನ್ನೊಂದು, ಇಲ್ಲಿ ಹೇಳೋದು ಕೇಳೋ ಸೆಟ್ಟಿಗಷ್ಟೇ. ಬಿಟ್‌ಎಕ್ಸ್‌ನಾಗ ಟ್ರಾನ್ಸ್‌ಮಿಟರ್ ಕೂಡ ಇರ್ತದ, ಹ್ಯಾಮ್ ಲೈಸೆನ್ಸ್ ಇಲ್ದೇ ಆ ಬಟನ್ ಒತ್ತಬ್ಯಾಡ್ರಿ.

ಹಂತ 1: ಮೊದ್ಲ ಕಿವಿಲೇ ರೋಗ ಹಿಡೀರಿ

ಐರನ್ ಬಿಸಿ ಮಾಡೋಕಿಂತ ಮೊದ್ಲ ಆಂಟೆನಾ ಹಚ್ಚಿ ಅರ್ಧ ತಾಸು ಸುಮ್ನ ಕೇಳ್ರಿ, ಹಗಲಾಗ ಒಮ್ಮೆ, ರಾತ್ರಿ ಒಮ್ಮೆ.

ಡಯಲ್ ತಿರುವಿದ್ರೂ ಒಂದು ವಿದೇಶಿ ಸ್ಟೇಷನ್ ಜಾಗ ಬಿಟ್ಟು ಅಲ್ಲಾಡ್ಲಿಲ್ಲ ಅಂದ್ರ ಅದು ನಿಮ್ಮ ಐಎಫ್‌ಗೆ ಸೀದಾ ನುಗ್ಗೇದ. 12 ಮೆಗಾಹರ್ಟ್ಜ್ ಇರೋದೇ 25 ಮೀಟರ್ ಬ್ರಾಡ್‌ಕಾಸ್ಟ್ ಬ್ಯಾಂಡಿನಾಗ, 11.6 ರಿಂದ 12.1 ತನಕ, ಹಂಗಾಗಿ ಇದು ರಾತ್ರಿ ಭಾಳ ಕಾಡ್ತದ. ಎಲ್ಲಿ ತಿರುವಿದ್ರೂ ಹಿಂದ ಆಕಾಶವಾಣಿ ಕಲಬುರಗಿ ಮಾತಾಡ್ತಿದ್ರ 1107 ಕಿಲೋಹರ್ಟ್ಜ್‌ನ ಮೀಡಿಯಂ ವೇವ್ ಮಿಕ್ಸರ್‌ನ್ನ ಒದ್ದು ಒಳಗ ಬಂದದ. ಇವೆರಡೂ ಹರಳಿನ ಜಾತಿ, ಮುಂದೇ ತಡೀಬೇಕು. ದನಿ ತೆಳ್ಳಗ, ಇಲ್ಲಾ ಗುಂ ಅಂತ ಇದ್ರ ಅದು ಸೊಟ್ಟಿನ ಜಾತಿ, ಹಂತ 6 ಮತ್ತ 7 ಕ್ಕ ಹೋಗ್ರಿ. ಬರೇ ಸುಯ್ ಅಂತದ, ಆಂಟೆನಾ ಕಿತ್ತಿದ್ರೂ ಅಷ್ಟೇ ಸುಯ್ ಅಂತದ ಅಂದ್ರ ಎಲ್ಲೋ ಸಿಗ್ನಲ್ ಸತ್ತದ, ಹಂತ 5.

ಹಂತ 2: ಫಿಲ್ಟರ್ ಅಳೀರಿ, ಆದ್ರ ಬರಾಬರ್ ಅಳೀರಿ

"ನನ್ನ ಫಿಲ್ಟರ್ ಕೆಟ್ಟದ" ಅಂತ ಫೋಟೋ ಕಳಿಸೋರಾಗ ಅರ್ಧ ಮಂದಿ ಫಿಲ್ಟರ್ ಚಂದನೇ ಇರ್ತದ, ಅಳದಿದ್ದು ತಪ್ಪು. ನ್ಯಾನೋ ವಿಎನ್‌ಎ 50 ಓಮ್ ಮಶೀನ್. 12 ಮೆಗಾಹರ್ಟ್ಜ್‌ನ ಎಸ್‌ಎಸ್‌ಬಿ (ಸಿಂಗಲ್ ಸೈಡ್‌ಬ್ಯಾಂಡ್, ಹ್ಯಾಮ್ ಮಂದಿ ಮಾತಾಡೋ ರೀತಿ) ಲ್ಯಾಡರ್ ಫಿಲ್ಟರ್, ಅಂದ್ರ ಕ್ರಿಸ್ಟಲ್ ಸಾಲಾಗಿ ನಡುನಡುವ ನೆಲಕ್ಕ ಕೆಪ್ಯಾಸಿಟರ್ ಇರೋದು, ಸುಮಾರು 200 ಓಮ್ ಹತ್ರ ಕೇಳ್ತದ. ಸೀದಾ ಹಚ್ಚಿದ್ರ ಮ್ಯಾಲಿನ ಭಾಗ ಒಂಟಿ ಬೆನ್ನಾಗಿ ಕಾಣ್ತದ. ಈ ಏರಿಳಿತಕ್ಕ ರಿಪಲ್ ಅಂತಾರ, ಸಿಗ್ನಲ್ ದಾಟೋ ಅಗಲಕ್ಕ ಪಾಸ್‌ಬ್ಯಾಂಡ್ ಅಂತಾರ.

ಹಿಂಗ್ ಮಾಡ್ರಿ. ಎರಡೂ ಬಾಜು 500 ಓಮ್ ಪ್ರಿಸೆಟ್ ಸರಣಿಯಾಗಿ ಹಾಕ್ರಿ, ಕಾಲು ಎಷ್ಟು ಗಿಡ್ಡ ಆಗ್ತದೋ ಅಷ್ಟು ಗಿಡ್ಡ. ಮಶೀನಿನ್ಯಾಗ ಸ್ವೀಪ್ ಅಗಲ 10 ಕಿಲೋಹರ್ಟ್ಜ್ ಇಡ್ರಿ. ಹಳೆ ಮಾಡೆಲ್ 101 ಚುಕ್ಕಿ ಅಷ್ಟೇ ಹಾಕ್ತದ, 10 ಕಿಲೋಹರ್ಟ್ಜ್ ಇಟ್ರ ಚುಕ್ಕಿಗೆ 100 ಹರ್ಟ್ಜ್ ಬಿತ್ತು. 1 ಮೆಗಾಹರ್ಟ್ಜ್ ಅಗಲ ಇಟ್ಟು "ಏನೂ ಕಾಣವಲ್ದು" ಅನ್ನಬ್ಯಾಡ್ರಿ, ಇಡೀ ಫಿಲ್ಟರ್ ಒಂದೇ ಚುಕ್ಕಿ ಸಂದ್ಯಾಗ ಹೋಗಿರ್ತದ. ಅಗಲ ಇಟ್ಟ ಮ್ಯಾಲ ಕ್ಯಾಲಿಬ್ರೇಷನ್ ಮಾಡ್ರಿ, ಮೊದ್ಲ ಮಾಡಿ ಆಮ್ಯಾಲೆ ಅಗಲ ಬದಲಿಸಿದ್ರ ಲೆಕ್ಕ ತಪ್ತದ.

ಈಗ ಎರಡೂ ಪ್ರಿಸೆಟ್ ಒಂದೇ ಅಂದಾಜಿನಾಗ ನಿಧಾನ ತಿರುವ್ರಿ. ಕಮ್ಮಿ ಇದ್ದಾಗ ಮ್ಯಾಲ ಎರಡ್ ಮೂರ್ ಗುಡ್ಡ ಏಳ್ತಾವ, ಏರಿಸ್ಕೋತ ಹೋದಂಗ ಗುಡ್ಡ ಕುಂದ್ರತಾವ, ಇನ್ನೂ ಏರಿಸಿದ್ರ ಮೂಲಿ ಎರಡೂ ದುಂಡಗ ಆಗ್ತಾವ. ಸಪಾಟ ಆದ ಜಾಗಕ್ಕ ನಿಲ್ರಿ. ಪ್ರಿಸೆಟ್ ಕಿತ್ತು ಮಲ್ಟಿಮೀಟರ್‌ನಿಂದ ಅಳೀರಿ, ಅದಕ್ಕ ಮಶೀನಿನ 50 ಕೂಡಿಸ್ರಿ, ಅದೇ ನಿಮ್ಮ ಫಿಲ್ಟರ್ ಕೇಳೋ ಓಮ್. ಪ್ರಿಸೆಟ್ 150 ಬಂದಿದ್ರ 200 ಓಮ್ ಆತು. ಲಾಸ್ ನೋಡುವಾಗ ಒಂದ್ ಹುಷಾರಿ, ಎರಡೂ ಬಾಜು 150 ಓಮ್ ಇದ್ದಾಗ ಅವೇ 12 ಡಿಬಿ ತಿಂತಾವ. ಪರದಿ ಮ್ಯಾಲ 16 ಡಿಬಿ ಕೆಳಗ ಕಂಡ್ರ ಫಿಲ್ಟರಿಂದು 4 ಡಿಬಿ ಅಷ್ಟೇ, ಗಾಬರಿ ಬ್ಯಾಡ್ರಿ. ಡಿಬಿ ಗೊತ್ತಿಲ್ದವ್ರಿಗೆ, 3 ಡಿಬಿ ಹೋದ್ರ ಪವರ್ ಅರ್ಧ, 10 ಡಿಬಿ ಹೋದ್ರ ಹತ್ತನೇ ಒಂದು ಪಾಲು.

ಇಷ್ಟ್ ಮಾಡಿದ್ರೂ ಸಪಾಟ ಆಗವಲ್ದು ಅಂದ್ರ ಕ್ರಿಸ್ಟಲ್ ಜೋಡಿ ಸರಿ ಇಲ್ಲ. ಒಂದೇ ಆಸಿಲೇಟರ್‌ನಾಗ ಒಂದೊಂದೇ ಹಾಕಿ ಫ್ರೀಕ್ವೆನ್ಸಿ ಬರಕೊಂಡು 100 ಹರ್ಟ್ಜ್ ಒಳಗ ಇರೋ ನಾಲ್ಕು ಆರಿಸ್ರಿ. ಕ್ರಿಸ್ಟಲ್ ಬೆರಳಾಗ ಹಿಡ್ಕೊಂಡ ಕೂಡ್ಲೇ ನಂಬರ್ ಓಡಾಡ್ತದ, ಮೈ ಬಿಸಿಗೆ. ಸಾಕೆಟಿಗೆ ಹಾಕಿ ಅರ್ಧ ನಿಮಿಷ ಕೈ ಬಿಟ್ಟು ಕುಂದರ್ರಿ, ಕೊನಿ ಎರಡ್ ಅಂಕಿ ಓಡೋದು ನಿಂತ ಮ್ಯಾಲ ಬರಕೋರಿ, ಫ್ಯಾನ್ ಬಂದ್ ಇರಲಿ.

ಮತ್ತ 1 ಇಲ್ಲಾ 2 ಡಿಬಿ ರಿಪಲ್ ಇದ್ರ ಬಿಟ್ಟುಬಿಡ್ರಿ. ಮಾತು ಕೇಳೋ ಕಿವಿಗೆ ಅದು ಗೊತ್ತೂ ಆಗಲ್ಲ. ಗ್ರಾಫ್ ಚಂದ ಕಾಣ್ಲಿ ಅಂತ ತಿಂಗಳುಗಟ್ಲೆ ಕುಂತವ್ರನ್ನ ಕಂಡೀನಿ, ಅವ್ರ ರೇಡಿಯೋ ಇನ್ನೂ ಮಾತಾಡಿಲ್ಲ.

ಹಂತ 3: ಎರಡೂ ಬಾಜು ಅದು ಕೇಳಿದ ಓಮ್ ಕೊಡ್ರಿ

ಅಳೆದಿದ್ದು 200, ಆದ್ರ ಸರ್ಕ್ಯೂಟಿನ್ಯಾಗ ಮಿಕ್ಸರ್ 50 ಕೊಡ್ತದ ಅಂದ್ರ ಮೇಜಿನ ಮ್ಯಾಲ ಸಪಾಟ ಇದ್ದಿದ್ದು ಸೆಟ್ಟಿನ್ಯಾಗ ಮತ್ತ ಒಂಟಿ ಬೆನ್ನೇ. ನಡುವ ಟ್ರಾನ್ಸ್‌ಫಾರ್ಮರ್ ಬೇಕು. ಸುತ್ತಿನ ಲೆಕ್ಕ ಎಷ್ಟೋ ಓಮಿಗೆ ಅದರ ವರ್ಗ, ಸುತ್ತು 1 ಕ್ಕ 2 ಇದ್ರ ಓಮ್ 1 ಕ್ಕ 4, ಅಂದ್ರ 50 ಇದ್ದಿದ್ದು 200. ಎಫ್‌ಟಿ 37-43 ಟೊರಾಯ್ಡ್ ಮ್ಯಾಲ ಎರಡ್ ತಂತಿ ಹೊಸದು ಹತ್ತು ಸುತ್ತು ಹಾಕಿ, ಒಂದರ ಕೊನಿ ಇನ್ನೊಂದರ ಶುರುಗೆ ಕೂಡಿಸ್ರಿ. ಕೂಡಿಸಿದ ಜಾಗಕ್ಕ 50, ಒಂದ್ ಕೊನಿ ನೆಲಕ್ಕ, ಇನ್ನೊಂದ್ ಕೊನಿಗೆ 200. ಮಲ್ಟಿಮೀಟರ್ ಬೀಪಿನಿಂದ ತಂತಿ ಗುರ್ತು ಹಿಡೀರಿ, ಎರಡೂ ಶುರು ಒಂದಕ್ಕೊಂದು ಕೂಡಿಸಿಬಿಟ್ರ ಸಿಗ್ನಲ್ ಸತ್ತೇ ಹೋಗ್ತದ, ಇದು ಎಲ್ಲರೂ ಒಮ್ಮೆ ಮಾಡೋ ತಪ್ಪು.

ಡಯೋಡ್ ಮಿಕ್ಸರಿಗೆ ಇನ್ನೊಂದು ಹಟ ಅದ. ಫಿಲ್ಟರ್ ತನ್ನ ಪಾಸ್‌ಬ್ಯಾಂಡ್ ಹೊರಗ ಬಂದಿದ್ದನ್ನ ಕನ್ನಡಿಯಂಗ ವಾಪಸ್ ಒಗೀತದ, ಅದು ಮಿಕ್ಸರಿಗೆ ಹೋಗಿ ಇಲ್ಲದ ಸಿಳ್ಳೆ ಎಲ್ಲಾ ಹುಟ್ಟಿಸ್ತದ. ನಡುವ 3 ಡಿಬಿ ಪ್ಯಾಡ್ ಹಾಕ್ರಿ, ಮೂರೇ ರೆಸಿಸ್ಟರ್, ಸರಣಿಗೆ 18 ಓಮ್, ಅದರ ಎರಡೂ ಕಾಲಿಂದ ನೆಲಕ್ಕ 300 ಓಮ್. ಸಿಗ್ನಲ್ 3 ಡಿಬಿ ಕಮ್ಮಿ ಆಗ್ತದ, ಆದ್ರ ವಾಪಸ್ ಬರೋದು ಎರಡ್ ಸಲ ದಾಟಬೇಕಲ್ಲ, ಅದಕ್ಕ 6 ಡಿಬಿ ಹೊಡ್ತ. "ಸಿಗ್ನಲ್ ಯಾಕ್ ಸುಮ್ನ ಕಳೀಬೇಕು" ಅಂತ ಇದನ್ನ ಬಿಡೋರು ಭಾಳ ಮಂದಿ. ಕಳೀರಿ, 40 ಮೀಟರಿನ್ಯಾಗ ನಡೀತದ, ಯಾಕಂತ ಹಂತ 5 ರಾಗ ಅದ.

ಹಂತ 4: ಹರಳ ಆರಿಸೋ ಕೆಲಸ

ಮೊದ್ಲ ಮೀಡಿಯಂ ವೇವ್. ಆಂಟೆನಾ ಮತ್ತ ಸೆಟ್ಟಿನ ನಡುವ ಸರಣಿಯಾಗಿ ಒಂದು ಟ್ರ್ಯಾಪ್, ಅಂದ್ರ ಒಂದೇ ಫ್ರೀಕ್ವೆನ್ಸಿ ತಡಿಯೋ ಕಾಯಿಲ್ ಮತ್ತ ಕೆಪ್ಯಾಸಿಟರ್ ಜೋಡಿ. 22 ಮೈಕ್ರೋ ಹೆನ್ರಿ ಚೋಕ್, ಅದಕ್ಕ ಸಮಾಂತರವಾಗಿ 820 ಪಿಕೋ ಫ್ಯಾರಡ್, ಅದರ ಜೊತಿಗೇ ಹಳೆ ಟ್ರಾನ್ಸಿಸ್ಟರ್ ರೇಡಿಯೋದ ಗ್ಯಾಂಗ್, ಎರಡೂ ಸೆಕ್ಷನ್ ಕೂಡಿಸಿ. 1107 ಕ್ಕ ಒಟ್ಟು 940 ಪಿಕೋ ಹತ್ರ ಬೇಕು, ಚೋಕಿನ ಹೆಚ್ಚುಕಮ್ಮಿ ಗ್ಯಾಂಗಿನ್ಯಾಗ ಹೊಂದ್ತದ. ಆಕಾಶವಾಣಿ ಕೇಳ್ಕೋತ ಗ್ಯಾಂಗ್ ತಿರುವ್ರಿ, ಒಂದ್ ಜಾಗಕ್ಕ ಗಪ್ ಅಂತದ. 7 ಮೆಗಾಹರ್ಟ್ಜ್ ಸಿಗ್ನಲಿಗೆ ಇದರಿಂದ ಕಾಲ್ ಡಿಬಿ ಸುತ್ತ ಅಷ್ಟೇ ಹೋಗ್ತದ. ಬೀದರ್, ಯಾದಗಿರಿಯವ್ರು ಮೊದ್ಲ ಯಾವ ಸ್ಟೇಷನ್ ಕಾಡ್ತದ ನೋಡ್ಕೊಂಡು ಅದಕ್ಕ ತಕ್ಕಂಗ ಹಾಕ್ರಿ, ಹೈದರಾಬಾದ್ 738 ಇದ್ರ ಕೆಪ್ಯಾಸಿಟರ್ ಎರಡು ಪಟ್ಟಿಗಿಂತ ಜಾಸ್ತಿ ಬೇಕಾಗ್ತದ.

ಆಮ್ಯಾಲೆ 12 ಮೆಗಾಹರ್ಟ್ಜ್ ಸೀದಾ ನುಗ್ಗೋದು. ಇದಕ್ಕ ಆಂಟೆನಾದಿಂದ ನೆಲಕ್ಕ ಕಾಯಿಲ್ ಮತ್ತ ಟ್ರಿಮ್ಮರ್ ಸರಣಿಯಾಗಿ: ಕೆಂಪು ಟಿ 50-2 ಟೊರಾಯ್ಡ್ ಮ್ಯಾಲ 31 ಸುತ್ತು, 4.7 ಮೈಕ್ರೋ ಹೆನ್ರಿ ಆಗ್ತದ, ಅದರ ಜೊತಿ 22 ಪಿಕೋ, ಆ 22 ಕ್ಕ ಸಮಾಂತರವಾಗಿ 5 ರಿಂದ 30 ಪಿಕೋದ ಟ್ರಿಮ್ಮರ್. ಆ ಅಲ್ಲಾಡದ ಸ್ಟೇಷನ್ ಕೇಳ್ಕೋತ ಟ್ರಿಮ್ಮರ್ ತಿರುವಿ ಅದನ್ನ ಮುಚ್ಚಸ್ರಿ.

ಇಮೇಜ್ ಅಂತ ಮೂರನೇದು ಒಂದದ. ಮಿಕ್ಸರಿಗೆ ಎರಡ್ ಫ್ರೀಕ್ವೆನ್ಸಿ ಒಂದೇ ಥರ ಕಾಣ್ತಾವ. ನಮ್ಮ ಸರ್ಕ್ಯೂಟಿನ್ಯಾಗ 7 ಕೂಡಿಸು 5 ಅಂದ್ರೂ 12, 17 ಕಳಿ 5 ಅಂದ್ರೂ 12. ಬೇಕಾದ್ದು 7, ಬ್ಯಾಡಾದ್ದು 17, ನಡುವ 10 ಮೆಗಾಹರ್ಟ್ಜ್ ಅಂತರ ಅದ, ಆಂಟೆನಾ ಬಾಜಿನ ಸಾದಾ ಬ್ಯಾಂಡ್‌ಪಾಸ್ ಫಿಲ್ಟರೂ (ಒಂದ್ ಬ್ಯಾಂಡ್ ಅಷ್ಟೇ ಒಳಗ ಬಿಡೋದು) ತಡೀತದ. ಆದ್ರ ಅಂಗಡಿ ಶಾರ್ಟ್ ವೇವ್ ರೇಡಿಯೋದಾಗ ಐಎಫ್ 455 ಕಿಲೋಹರ್ಟ್ಜ್, ಇಮೇಜ್ ಬರೇ 910 ಕಿಲೋಹರ್ಟ್ಜ್ ದೂರ. ಒಂದೇ ಸ್ಟೇಷನ್ ಡಯಲ್ ಮ್ಯಾಲ 910 ಕಿಲೋಹರ್ಟ್ಜ್ ಅಂತರದಾಗ ಎರಡ್ ಕಡೆ ಸಿಕ್ತಂದ್ರ ಇದೇ. ಅಲ್ಲಿ ಆಂಟೆನಾ ಬಾಜು ಇನ್ನೊಂದು ಟ್ಯೂನ್ಡ್ ಕಾಯಿಲ್ ಹಾಕೋದೇ ದಾರಿ, ಐಎಫ್ ಫಿಲ್ಟರ್ ಎಷ್ಟ್ ತುಟ್ಟಿದು ತಂದ್ರೂ ಉಪಯೋಗ ಇಲ್ಲ.

ಇಲ್ಲೇ ಇನ್ನೊಂದು ಸೋರಿಕೆ ಹೇಳಿಬಿಡ್ತೀನಿ. ಕೆಲವೊಮ್ಮೆ ಸಿಗ್ನಲ್ ಫಿಲ್ಟರ್ ಒಳಗಿಂದ ಹೋಗೋದೇ ಇಲ್ಲ, ಬಾಜುದಾಗ ಹಾರಿ ಹೋಗ್ತದ. ಪರೀಕ್ಷಾ ಸರಳ, ಮೊದ್ಲನೇ ಕ್ರಿಸ್ಟಲಿನ ಒಂದ್ ಕಾಲು ಎತ್ತಿ ಬಿಡ್ರಿ. ಸೆಟ್ ಪೂರಾ ಗಪ್ ಆಗಬೇಕು. ಇನ್ನೂ ಜೋರ್ ಸ್ಟೇಷನ್ ಕೇಳಿಸ್ತಿದ್ರ ತಂತಿಗಳು ಒಂದರ ಬಾಜು ಒಂದು ಮಲಗ್ಯಾವ. ಫಿಲ್ಟರಿನ ಒಳಬಾಗಿಲ ಹೊರಬಾಗಿಲ ದೂರ ಮಾಡ್ರಿ, ನಡುವ ತಾಮ್ರದ ಬೋರ್ಡಿನ ತುಂಡು ಗ್ವಾಡಿಯಂಗ ನಿಲ್ಲಿಸ್ರಿ, ಕ್ರಿಸ್ಟಲ್ ಕ್ಯಾನ್ ನೆಲಕ್ಕ ಬೆಸೀರಿ. ಬೆಸಿಯುವಾಗ ಕ್ಯಾನಿನ ಮೂಲಿ ಬ್ಲೇಡಿನಿಂದ ಹೊಳಿಯೋ ಹಂಗ ಕೆರದು, ಐರನ್ ಪೂರಾ ಬಿಸಿ ಮಾಡಿ, ಎರಡ್ ಸೆಕೆಂಡಿನ್ಯಾಗ ಟಕ್ ಅಂತ ಮುಗಿಸಬೇಕು. ತಣ್ಣಗಿನ ಐರನ್ ಇಟ್ಟು ಬೆಸುಗಿ ಹಿಡೀವಲ್ದಂತ ಒತ್ಕೋತ ಕುಂತು ನಾನು ಒಂದ್ ಕ್ರಿಸ್ಟಲ್ ಕಳಕೊಂಡೀನಿ, ತಣ್ಣಗಾದ ಮ್ಯಾಲೂ ಅದು ಹಳೆ ನಂಬರಿಗೆ ವಾಪಸ್ ಬರ್ಲಿಲ್ಲ.

ಹಂತ 5: ತಿಂದಿದ್ದನ್ನ ತುಂಬ್ರಿ, ಆದ್ರ ಎಲ್ಲಿ ತುಂಬ್ತೀರಿ ನೋಡ್ರಿ

ಲೆಕ್ಕ ಹಾಕ್ರಿ. ಮುಂದಿನ ಬ್ಯಾಂಡ್‌ಪಾಸ್ 2 ಡಿಬಿ, ಡಯೋಡ್ ಮಿಕ್ಸರ್ 6 ರಿಂದ 7, ಪ್ಯಾಡ್ 3, ಕ್ರಿಸ್ಟಲ್ ಫಿಲ್ಟರ್ 4. ಒಟ್ಟು 16 ಡಿಬಿ ಸುತ್ತ. ನೋಡಿದ್ರ ಎದಿ ಒಡೀತದ, ಆಂಟೆನಾದ ಬುಡದಾಗೇ ದೊಡ್ಡ ಆಂಪ್ಲಿಫೈಯರ್ ಹಾಕೋಣು ಅನಸ್ತದ. ಹಾಕಬ್ಯಾಡ್ರಿ. ಹಾಕಿದ್ರ ಬೇಕಾದ್ದರ ಜೊತಿ 41 ಮೀಟರಿನ ದೊಡ್ಡ ಬ್ರಾಡ್‌ಕಾಸ್ಟ್ ಸ್ಟೇಷನ್ನೂ ಅಷ್ಟೇ ದೊಡ್ಡದಾಗಿ ಮಿಕ್ಸರಿಗೆ ಬಡೀತಾವ, 7200 ಕಿಲೋಹರ್ಟ್ಜ್ ಮ್ಯಾಲ ಅವ್ರದೇ ರಾಜ್ಯ, ಆಗ ಇಡೀ ಬ್ಯಾಂಡ್ ಕಲಸಿದ ಅನ್ನ.

ಪರೀಕ್ಷಾ ಹಿಂಗ: ಆಂಟೆನಾ ಕಿತ್ತು ಸುಯ್ ಕೇಳ್ರಿ, ಮತ್ತ ಹಚ್ರಿ. ಹಚ್ಚಿದಾಗ ಗದ್ಲ ಎದ್ದು ಕಾಣೋ ಹಂಗ ಜಾಸ್ತಿ ಆತಂದ್ರ ನಿಮ್ಮ ಸೆಟ್ಟಿಗೆ ಸಾಕಷ್ಟು ಕಿವಿ ಅದ, ಇನ್ನ ಗೇನ್, ಅಂದ್ರ ಸಿಗ್ನಲ್ ಎತ್ತೋದು, ಬೇಕಾಗಿಲ್ಲ. 7 ಮೆಗಾಹರ್ಟ್ಜ್‌ನಾಗ ಆಕಾಶದ ಗದ್ಲನೇ ಅಷ್ಟಿರ್ತದ, ಅದರ ಮ್ಯಾಲ ಓಣಿ ತುಂಬ ಎಲ್‌ಇಡಿ ಬಲ್ಬು, ಚಾರ್ಜರ್ ಗದ್ಲ. ವ್ಯತ್ಯಾಸ ಕೇಳಿಸ್ಲಿಲ್ಲಂದ್ರ ಪ್ಯಾಡ್ ಆದ ಮ್ಯಾಲ, ಕ್ರಿಸ್ಟಲ್ ಫಿಲ್ಟರಿಗಿಂತ ಮೊದ್ಲ ಒಂದು 15 ಡಿಬಿ ಸುತ್ತಿನ ಸ್ಟೇಜ್ ಹಾಕ್ರಿ, ಉಳಿದ ಗೇನ್ ಎಲ್ಲಾ ಫಿಲ್ಟರ್ ದಾಟಿದ ಮ್ಯಾಲ, ಯಾಕಂದ್ರ ಅಲ್ಲಿ ಬ್ಯಾಡಾದವು ಹೊರಗುಳದಿರ್ತಾವ, ಎಷ್ಟ್ ಎತ್ತಿದ್ರೂ ಬೇಕಾದ್ದೇ ಏಳ್ತದ.

ಹಂತ 6: ಬಿಎಫ್‌ಓ ಸರಿಸ್ರಿ, ಅರ್ಧ ದೂರು ಇಲ್ಲೇ ತೀರ್ತದ

ಇದಕ್ಕ ಒಂದ್ ಸಂಜಿ ಪೂರಾ ಕೊಡ್ರಿ. ಎಸ್‌ಎಸ್‌ಬಿ ಸಿಗ್ನಲಿನ್ಯಾಗ ಕ್ಯಾರಿಯರ್, ಅಂದ್ರ ಮಾತು ಹೊತ್ತು ತರೋ ಮೂಲ ಅಲೆ, ಕಿತ್ತು ಒಗದು ಅದರ ಒಂದೇ ಬಾಜಿನ ಮಾತು (ಸೈಡ್‌ಬ್ಯಾಂಡ್) ಕಳಿಸಿರ್ತಾರ, ರಿಸೀವರ್‌ದಾಗ ನಾವೇ ಒಂದು ಹುಟ್ಟಿಸಿ ಕೂಡಿಸಬೇಕು, ಅದನ್ನ ಹುಟ್ಟಿಸೋದು ಬಿಎಫ್‌ಓ. ಅದು ಫಿಲ್ಟರಿನ ಪಾಸ್‌ಬ್ಯಾಂಡಿಗೆ ಎಷ್ಟು ದೂರ ಕುಂತದೋ ಅದರ ಮ್ಯಾಲ ದನಿ. ಫಿಲ್ಟರ್ 500 ಹರ್ಟ್ಜ್ ಆ ಕಡಿ ಈ ಕಡಿ ಆಗಿದ್ರೂ ಚಿಂತಿಲ್ಲ, ಬಿಎಫ್‌ಓ ಅದರ ಹಿಂದ ಹೋದ್ರ ಆತು, ಫಿಲ್ಟರ್ ಜಾಗ ತಪ್ಪಿದ್ದು ಯಾರಿಗೂ ಗೊತ್ತೇ ಆಗಲ್ಲ.

ಸಾದಾ ಲ್ಯಾಡರ್ ಫಿಲ್ಟರಿಗೆ ಮ್ಯಾಲಿನ ಬಾಜು ಕಡಿದು, ಕೆಳಗಿನ ಬಾಜು ಇಳಿಜಾರು. ಬಿಎಫ್‌ಓ ಕಡಿದು ಇರೋ ಮ್ಯಾಲಿನ ಬಾಜು ಕೂಡಬೇಕು, 20 ಡಿಬಿ ಇಳದ ಜಾಗದ ಹತ್ರ. 40 ಮೀಟರಿನ್ಯಾಗ ಮಾತು ಲೋವರ್ ಸೈಡ್‌ಬ್ಯಾಂಡ್, ಅಂದ್ರ ಕ್ಯಾರಿಯರಿನ ಕೆಳಗಿನ ಬಾಜು, ನಮ್ಮ ಸರ್ಕ್ಯೂಟ್ ಕೂಡಿಸೋ ಜಾತಿ, ಸೈಡ್‌ಬ್ಯಾಂಡ್ ಉಲ್ಟಾ ಆಗಲ್ಲ, ಹಂಗಾಗಿ ಎಲ್ಲಾ ಸರಿಯಾಗಿ ಕೂಡ್ತದ. ಬ್ಯಾರೆ ಬ್ಯಾಂಡಿಗೆ ಮಾಡೋರು ಕಳಿಯೋ ಜಾತಿ ಇದ್ರ ಮೊದ್ಲ ಉಲ್ಟಾ ಆಗ್ತದೋ ಇಲ್ಲೋ ಲೆಕ್ಕ ಹಾಕ್ರಿ.

ಆಂಟೆನಾ ಹಚ್ಚಿ ಸ್ಟೇಷನ್ ಇಲ್ಲದ ಜಾಗಕ್ಕ ನಿಂದರಿಸಿ, ಸ್ಪೀಕರ್ ಮುಂದ ಮೊಬೈಲ್ ಇಡ್ರಿ. ಆ್ಯಪಿನ್ಯಾಗ ಗದ್ಲ ಒಂದು ಗುಡ್ಡದಂಗ ಕಾಣ್ತದ, ಆ ಗುಡ್ಡನೇ ನಿಮ್ಮ ಫಿಲ್ಟರಿನ ನೆರಳು. ಗುಡ್ಡ 300 ಕ್ಕ ಶುರುವಾಗಿ 2700 ಹತ್ರ ಇಳದ್ರ ಚಂದ. 800 ಕ್ಕ ಶುರುವಾಗಿ 3200 ತನಕ ಹೋದ್ರ ಬಿಎಫ್‌ಓ ದೂರ ಹೋಗ್ಯಾದ, ದನಿ ಎಣ್ಣಿ ಡಬ್ಬಿ. ಸೊನ್ನೆದಿಂದಲೇ ಶುರುವಾಗಿದ್ರ ಭಾಳ ಹತ್ರ ಬಂದದ, ದನಿ ಗುಂ ಅಂತದ, ಜೊತಿಗೆ ಆ ಕಡಿ ಸೈಡ್‌ಬ್ಯಾಂಡಿನವ್ರು ಹಕ್ಕಿಯಂಗ ಚಿಲಿಪಿಲಿ ಅಂತಾರ. ಬಿಎಫ್‌ಓ ಕ್ರಿಸ್ಟಲಿಗೆ ಸರಣಿಯಾಗಿ ಟ್ರಿಮ್ಮರ್ ಹಾಕಿದ್ರ ಫ್ರೀಕ್ವೆನ್ಸಿ ಏರ್ತದ, ಸಣ್ಣ ಕಾಯಿಲ್ ಹಾಕಿದ್ರ ಇಳೀತದ. ಎಸ್‌ಐ 5351 (ಪ್ರೋಗ್ರಾಮಿನಿಂದ ಫ್ರೀಕ್ವೆನ್ಸಿ ಹುಟ್ಟಿಸೋ ಚಿಪ್) ಇದ್ದವ್ರು ಪ್ರೋಗ್ರಾಮಿನ್ಯಾಗ 50 ಹರ್ಟ್ಜ್ ಹೆಜ್ಜಿ ಸರಿಸ್ರಿ.

ಮೊಬೈಲ್ ಮೈಕು ಮತ್ತ ಸ್ಪೀಕರ್ ಎರಡೂ ತಮ್ಮ ಸೊಟ್ಟ ಕೂಡಿಸ್ತಾವ, ಸಣ್ಣ ಸ್ಪೀಕರ್ 300 ರ ಕೆಳಗ ಏನೂ ಕೊಡಲ್ಲ. ಹಂಗಾಗಿ ಗುಡ್ಡದ ಅಂಚು ನೋಡ್ರಿ, ಮ್ಯಾಲಿನ ಆಕಾರ ನಂಬಬ್ಯಾಡ್ರಿ.

ಫಿಲ್ಟರ್ ಇಕ್ಕಟ್ಟಾಗಿ 1.8 ಕಿಲೋಹರ್ಟ್ಜ್ ಅಷ್ಟೇ ಬಂದಿದ್ರ? ಕಟ್ಟಿದ್ದು ಬಿಚ್ಚಬ್ಯಾಡ್ರಿ. 200 ರಿಂದ 2000 ತನಕ ಇಡೋ ಬದ್ಲಿ 400 ರಿಂದ 2200 ಕ್ಕ ಇಡ್ರಿ. ಮಾತಿನ ದಪ್ಪ ಹೋಗ್ತದ, ಆದ್ರ ಸ, ತ, ಕ ಅನ್ನೋ ಅಕ್ಷರ ತಿಳಿಯೋದು ಮ್ಯಾಲಿನ ಭಾಗದಾಗ, ಕಾಲ್‌ಸೈನ್ ಹಿಡಿಯೋಕ ಅದೇ ಬೇಕು.

ಹಂತ 7: ಕೊನಿಗೆ ಆಡಿಯೋ

ಫಿಲ್ಟರ್ ಅಗಲಾಗಿ 3.5 ಕಿಲೋಹರ್ಟ್ಜ್ ಬಂದಿದ್ರ ಮ್ಯಾಲಿನ ಚಿರಿಚಿರಿ ಆಡಿಯೋದಾಗ ಕತ್ತರಿಸಬಹುದು. 1.2 ಕೆ ಸರಣಿಗೆ, 47 ನ್ಯಾನೋ ನೆಲಕ್ಕ, ಆಮ್ಯಾಲೆ 12 ಕೆ ಮತ್ತ 4.7 ನ್ಯಾನೋ. ಎರಡೂ 2800 ಹರ್ಟ್ಜ್ ಹತ್ರ ಇಳಿಯೋಕ ಶುರು, ಎರಡನೇದು ಹತ್ತು ಪಟ್ಟು ಯಾಕಂದ್ರ ಮೊದ್ಲನೇದನ್ನ ಎಳೀಬಾರ್ದು. ಮುಂದ ವಾಲ್ಯೂಮ್ ಪಾಟ್ 47 ಕೆ ಇಲ್ಲಾ 100 ಕೆ ಇರಲಿ, 10 ಕೆ ಇದ್ರ ಅರ್ಧಕ್ಕಿಂತ ಜಾಸ್ತಿ ದನಿ ಅಲ್ಲೇ ತಿಂತದ. ಖರೆ ಹೇಳ್ಬೇಕಂದ್ರ ಇದು ಕಿವಿಗಷ್ಟೇ ಸುಖ, ಬಾಜು ಸ್ಟೇಷನ್ ಐಎಫ್‌ನಾಗ ಬಂದಾಗ್ಯಾದ, ಎಜಿಸಿ ಅಂದ್ರ ತಾನಾಗೇ ದನಿ ಏರಿಳಿಸೋ ಸರ್ಕ್ಯೂಟ್ ಇದ್ರ ಆ ಬಾಜಿನವನು ಮಾತಾಡಿದಾಗೆಲ್ಲಾ ನಿಮ್ಮ ಸ್ಟೇಷನ್ ತಲಿ ತಗ್ಗಿಸ್ತದ.

ಫಿಲ್ಟರ್ ಮ್ಯಾಲ ಮ್ಯಾಲಕ್ಕ ಹೋದಂಗ ಇಳದಿದ್ರ, ಆಡಿಯೋ ದಾರಿಯಾಗ 10 ಕೆ ಸರಣಿಗೆ ಹಾಕಿ ಅದರ ತಲಿ ಮ್ಯಾಲ 10 ನ್ಯಾನೋ ಕೂಡಸ್ರಿ, ಮುಂದ 10 ಕೆ ಲೋಡ್. 1600 ಹರ್ಟ್ಜ್ ಹತ್ರದಿಂದ ನಿಧಾನ ಎತ್ತಿ ಹೆಚ್ಚಂದ್ರ 6 ಡಿಬಿ ಕೊಡ್ತದ. ಅದಕ್ಕಿಂತ ಜಾಸ್ತಿ ಎತ್ತೋಕ ಹೋದ್ರ ಗದ್ಲನೇ ಏಳ್ತದ.

ಹಂತ 8: ನಮ್ಮ ಬಿಸಲ ಲೆಕ್ಕಕ್ಕ ಹಿಡೀರಿ

ಮೇ ತಿಂಗಳಾಗ ನಮ್ಮ ಕಡಿ 40 ಡಿಗ್ರಿ ದಾಟೋದು ಮಾಮೂಲಿ, ಪತ್ರಾಸ್ ಕೋಲ್ಯಾಗ ಕುಂತವ್ರಿಗೆ ಇನ್ನೂ ಜಾಸ್ತಿ. 12 ಮೆಗಾಹರ್ಟ್ಜ್ ಕ್ರಿಸ್ಟಲ್ ಹತ್ತು ಲಕ್ಷಕ್ಕ ಹತ್ತು ಪಾಲು ಸರದ್ರ 120 ಹರ್ಟ್ಜ್ ಆತು. ಬಿಎಫ್‌ಓಗೆ ಫಿಲ್ಟರಿನ ಲಾಟಿನಿಂದಲೇ ಐದನೇ ಕ್ರಿಸ್ಟಲ್ ಹಾಕಿ, ಫಿಲ್ಟರ್ ಬಾಜುಕೇ ಕುಂದ್ರಿಸ್ರಿ. ಬಿಸಿಗೆ ಫಿಲ್ಟರ್ ಸರದ್ರ ಬಿಎಫ್‌ಓ ಕೂಡ ಅದೇ ಕಡಿ ಬಹುತೇಕ ಅಷ್ಟೇ ಸರೀತದ, ದನಿ ಬದಲಾಗಲ್ಲ. 7805 (5 ವೋಲ್ಟ್ ಕೊಡೋ ರೆಗ್ಯುಲೇಟರ್) ರ ಹೀಟ್‌ಸಿಂಕ್ ಅವೆರಡರಿಂದ ದೂರ ಇರಲಿ. ಬಿಎಫ್‌ಓ ಹೊಂದಿಸೋದು ಸಂಜಿ ಏಳೆಂಟು ಗಂಟೆಗೆ ಮಾಡ್ರಿ, ಸೆಟ್ ಅರ್ಧ ತಾಸು ಚಾಲೂ ಇಟ್ಟ ಮ್ಯಾಲ.

ಕಟ್ಟಿದ ಸೆಟ್ ಅಲ್ಲ, ರೆಡಿಮೇಡ್ ಅದ ಅನ್ನೋರಿಗೆ

455 ಕಿಲೋಹರ್ಟ್ಜ್ ಸಿರಾಮಿಕ್ ಫಿಲ್ಟರ್ ಇರೋ ರೇಡಿಯೋದಾಗ ಫಿಲ್ಟರಿನ ನಡುಮಧ್ಯ 455 ಕ್ಕೇ ಇರಲ್ಲ, 2 ಕಿಲೋಹರ್ಟ್ಜ್ ಆಚೀಚೆ ಇರಬಹುದು. ಐಎಫ್ ಕ್ಯಾನುಗಳನ್ನ 455 ಕ್ಕ ಹಟ ಹಿಡಿದು ಟ್ಯೂನ್ ಮಾಡಬ್ಯಾಡ್ರಿ, ಫಿಲ್ಟರ್ ಎಲ್ಲದೋ ಅಲ್ಲಿಗೇ ಅವನ್ನೂ ಎಳೀರಿ. ಕಬ್ಬಿಣದ ಸ್ಕ್ರೂಡ್ರೈವರ್ ಹಾಕಿದ್ರ ಕೋರ್ ಒಡೀತದ, ಟ್ಯೂನಿಂಗೂ ಸುಳ್ಳ ಹೇಳ್ತದ, ಬಿದಿರು ಕಡ್ಡಿ ತುದಿ ಚಪ್ಪಟ ಮಾಡಿ ತಿರುವ್ರಿ. ಎಫ್‌ಎಂ ಸೆಟ್ಟಿನ 10.7 ಮೆಗಾಹರ್ಟ್ಜ್ ಫಿಲ್ಟರ್ ಮ್ಯಾಲ ಬಣ್ಣದ ಚುಕ್ಕಿ ಇರ್ತದ, ಕೆಂಪು 10.70, ನೀಲಿ 10.67, ಕಿತ್ತಳೆ 10.73. ಎರಡ್ ಫಿಲ್ಟರ್ ಇರೋ ಸೆಟ್ಟಿನ್ಯಾಗ ಒಂದು ಬದ್ಲಿ ಮಾಡಿದ್ರ ಅದೇ ಬಣ್ಣದ್ದೇ ಹಾಕ್ರಿ, ಒಂದ್ ಕೆಂಪು ಒಂದ್ ನೀಲಿ ಆದ್ರ ಕಿಟಕಿ ಅರ್ಧ ಮುಚ್ಚಿದಂಗ.

ಆರ್‌ಟಿಎಲ್ ಎಸ್‌ಡಿಆರ್, ಅಂದ್ರ ಕಂಪ್ಯೂಟರಿಗೆ ಹಚ್ಚೋ ಸಣ್ಣ ಯುಎಸ್‌ಬಿ ರಿಸೀವರ್ ಡಾಂಗಲಿನ ಡೈರೆಕ್ಟ್ ಸ್ಯಾಂಪ್ಲಿಂಗ್‌ನಾಗ (ಆಂಟೆನಾ ಸಿಗ್ನಲ್ ಸೀದಾ ಅಂಕಿ ಮಾಡೋ ರೀತಿ) ಶಾರ್ಟ್ ವೇವ್ ಕೇಳೋರೂ ಇದೇ ಲೆಕ್ಕದಾಗ ಬರ್ತಾರ. ಪರದಿ ಎರಡೂ ಅಂಚಿಗೆ ಸಿಗ್ನಲ್ ತಗ್ಗಿದ್ದನ್ನ ಸಾಫ್ಟ್‌ವೇರ್ ಎತ್ತಿ ಕೊಡ್ತದ, ಇಲ್ಲಾ ನೀವೇ ನಡುವಿನ ಭಾಗದಾಗ ಕೇಳ್ರಿ. ಆದ್ರ ಡಾಂಗಲಿನ ಗಡಿಯಾರ 28.8 ಮೆಗಾಹರ್ಟ್ಜ್, ಅದರಾಗ 7.1 ಕಳದ್ರ 21.7. ಅದು 13 ಮೀಟರ್ ಬ್ರಾಡ್‌ಕಾಸ್ಟ್ ಬ್ಯಾಂಡ್. ಹಗಲಾಗ 7.1 ರ ಮ್ಯಾಲ ಇರಬಾರದ ವಿದೇಶಿ ಸ್ಟೇಷನ್ ಕೂತಿದ್ರ ಅದು 21.7 ರಿಂದ ಮಡಚಿ ಬಂದಿದ್ದು, ಯಾವ ಸೆಟ್ಟಿಂಗ್ ಬದಲಿಸಿದ್ರೂ ಹೋಗಲ್ಲ. ಆಂಟೆನಾ ಮತ್ತ ಡಾಂಗಲ್ ನಡುವ 14 ಮೆಗಾಹರ್ಟ್ಜ್ ಕೆಳಗಷ್ಟೇ ಬಿಡೋ ಲೋಪಾಸ್ ಫಿಲ್ಟರ್ ಹಾಕ್ರಿ, ಆಮ್ಯಾಲೆ ಅದೇ ಜಾಗಕ್ಕ ಮತ್ತ ಕೇಳ್ರಿ.